ಎರಡು ಬಾಯಿಯ ಚಮಚ

ಹಳ್ಳಿ ತರಬೇತಿಗೆಂದು ಮಧುಗಿರಿಗೆ ಬರುತ್ತಿದ್ದ ಹೌಸ್ ಸರ್ಜನ್‌ಗಳಿಗೆ ಮೊದಲ ದಿನ ನಾನು ಸ್ಟೆತಾಸ್ಕೋಪ್ ಮುಟ್ಟಲು ಬಿಡುತ್ತಿರಲಿಲ್ಲ. ಆಗತಾನೆ ಎಂ.ಬಿ.ಬಿ.ಎಸ್. ಪಾಸಾಗಿ ಡಾಕ್ಟರ್ ಅನಿಸಿಕೊಳ್ಳುವ ಆತುರದಲ್ಲಿರುತ್ತಿದ್ದ ಹುಡುಗ ಹುಡುಗಿಯರು ಅವರು. ಮೂರು ತಿಂಗಳು ಅವರನ್ನು ಪಳಗಿಸುವ ಅಧ್ಯಾಪಕಿ ನಾನು. "ಪೇಟೆಗೆ ಹೋಗಿ, ತಗಡು ಬಡಿಯುವವನ ಹತ್ತಿರ, ಕಂಬಳಿ ಮಾರುವವನ ಹತ್ತಿರ ಕೂತು ಬನ್ನಿ. ಜನಕ್ಕೆ ಏನು ಬೇಕು ಅಂತ ಅವರಿಗೆ ಹೇಗೆ ಗೊತ್ತಾಯಿತು, ಮಾಡಿದ್ದನ್ನು ಮನೆಮನೆಗೆ ಹೇಗೆ ಮುಟ್ಟಿಸುತ್ತಾರೆ, ಕೇಳಿಕೊಂಡು ಬನ್ನಿ" ಎಂದು ಅಟ್ಟುತ್ತಿದ್ದೆ. ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಈಗ ಮೆಡಿಕಲ್ ಕಾಲೇಜುಗಳಲ್ಲಿ ಇದಕ್ಕೆ ಉದ್ಯಮಶೀಲತೆ, ನಾವೀನ್ಯ ಎಂದು ಹೆಸರಿಟ್ಟು ಪರದೆಯ ಮೇಲೆ ಚಿತ್ರ ಬಿಟ್ಟು ಕಲಿಸುತ್ತಾರಂತೆ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಬಳಿ ಇದ್ದದ್ದು ಒಂದು ಹಳೇ ಜೀಪು, ನಾಲ್ಕು ತಾಲ್ಲೂಕು ಮತ್ತು ನನ್ನ ಬಾಯಿ. ಅದು ಸ್ವಲ್ಪ ಜೋರು ಅಂತ ಕೊರಟಗೆರೆಯಿಂದ ಪಾವಗಡದವರೆಗಿನ ಕಾಂಪೌಂಡರುಗಳಿಗೆಲ್ಲ ಗೊತ್ತಿತ್ತು.

ಒಂದು ತಂಡದಲ್ಲಿ ಒಬ್ಬ ಹುಡುಗಿ ಬಂದಳು. ಮಾತು ಕಡಿಮೆ, ಹಟ ಜಾಸ್ತಿ. ಪೇಟೆಗೆ ಅಟ್ಟಿದ ದಿನ ಉಳಿದವರು ಮಧ್ಯಾಹ್ನಕ್ಕೇ ವಾಪಸ್ಸಾದರೆ ಇವಳು ಸಂಜೆಯಾದರೂ ಬರಲಿಲ್ಲ. ತಗಡಿನವನ ಅಂಗಡಿಯಲ್ಲಿ ಸುತ್ತಿಗೆ ಹಿಡಿದು ಕೂತಿದ್ದಳು. ಇವಳು ನನ್ನ ಜಾತಿಯವಳೇ ಎಂದು ಅಂದೇ ಅಂದುಕೊಂಡೆ; ನನ್ನ ಜಾತಿಯೆಂದರೆ ಹೇಳಿದ ಮಾತು ಕೇಳದವರ ಜಾತಿ.

ಅದು ಮಕ್ಕಳಿಗೆ ವಾಂತಿಭೇದಿ ಹತ್ತುವ ಕಾಲ. ಸಲೈನ್ ಬಾಟಲಿ ಸಾಲುತ್ತಿರಲಿಲ್ಲ. ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಒಂದು ಚಿಟಿಕೆ ಉಪ್ಪು, ನಾಲ್ಕು ಬೆರಳಲ್ಲಿ ಬಾಚಿದಷ್ಟು ಸಕ್ಕರೆ ಹಾಕಿ ಕುಡಿಸಿ ಎಂದು ತಾಯಂದಿರಿಗೆ ಹೇಳಿಕೊಡುತ್ತಿದ್ದೆವು. ಹುಡುಗಿ ಒಂದು ಹಳ್ಳಿಯಲ್ಲಿ ಹತ್ತು ತಾಯಂದಿರನ್ನು ಕೂರಿಸಿ ಚಿಟಿಕೆ ಹಾಕಿಸಿ ನೋಡಿದಳು. ಹತ್ತೂ ಹತ್ತು ತರ. ಕಲ್ಲುಪ್ಪನ್ನು ಐದೂ ಬೆರಳು ಸೇರಿಸಿ ಎತ್ತಿದರೆ ಅದು ಮಗುವಿಗೆ ಔಷಧಿಯಲ್ಲ, ಅಪಾಯ. ಅವಳು ತಗಡಿನವನ ಹತ್ತಿರ ಹೋಗಿ ಒಂದೇ ಅಲ್ಯೂಮಿನಿಯಂ ತಗಡಿನಲ್ಲಿ ಬೆಸುಗೆಯಿಲ್ಲದ ಚಮಚ ಬಡಿಸಿದಳು. ಒಂದು ತುದಿಯಲ್ಲಿ ಸಕ್ಕರೆಗೆ ದೊಡ್ಡ ಬಾಯಿ, ಇನ್ನೊಂದು ತುದಿಯಲ್ಲಿ ಪುಡಿ ಉಪ್ಪಿಗೆ ಪುಟ್ಟ ಬಾಯಿ. ಅಳತೆ ಸರಿಹೋಗುವ ತನಕ ಎಷ್ಟು ಚಮಚ ಕೆಡಿಸಿದಳೋ, ತಗಡಿನವನು ನನ್ನ ಹತ್ತಿರ ದೂರು ತಂದ. "ಅಮ್ಮಾ, ಈ ಡಾಕ್ಟ್ರಮ್ಮ ನನ್ ಅಂಗಡಿ ಬುಟ್ಟು ಏಳಾಕಿಲ್ಲ ಅಂತಾಳೆ, ನೀವೇ ವಸಿ ಹೇಳಿ" ಅಂದ. ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಪಾವಗಡದ ಕಡೆಯ ಒಂದು ಊರಿನಲ್ಲಿ ಮನೆಗೊಂದರಂತೆ ಚಮಚ ಪುಕ್ಕಟೆ ಹಂಚಿ ಬಂದೆವು. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ಒಂದು ಚಮಚಕ್ಕೂ ಉಪ್ಪು ಸೋಕಿರಲಿಲ್ಲ. ಎಲ್ಲ ದೇವರ ಗೂಡಿನಲ್ಲಿದ್ದವು, ಕೆಲವಕ್ಕೆ ಕುಂಕುಮವೂ ಇಟ್ಟಿತ್ತು. "ಚೂಡಮ್ಮಾ, ದೊಡ್ಡಾಸ್ಪತ್ರೆಯೋರು ಕೊಟ್ಟಿದ್ದು, ಎಂಜ್ಲು ಮಾಡ್ಬಾರ್ದು ಅಂತ ಬದ್ರವಾಗಿ ಮಡಗಿದೀನಿ" ಎಂದು ಮನೆಯೊಡತಿ ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಹೆಮ್ಮೆಯಿಂದ ತೋರಿಸಿದಳು. ನಾನು ಜೀಪಿನಲ್ಲಿ ಬಿದ್ದು ಬಿದ್ದು ನಕ್ಕೆ. ಹುಡುಗಿ ಅತ್ತಳು. ನಕ್ಕದ್ದು ತಪ್ಪು ಎಂದು ಈಗಲೂ ಅನಿಸುತ್ತದೆ. ಆದರೆ ಅಳು ನಿಂತ ಮೇಲೆ ಕೇಳಿದೆ: "ಡಾಕ್ಟರು ಕೊಟ್ಟದ್ದನ್ನು ಪೂಜೆಗೆ ಇಟ್ಟರು. ಯಾರು ಕೊಟ್ಟದ್ದನ್ನು ದಿನಾ ಬಳಸುತ್ತಾರೆ, ಹೇಳು?"

ಅವಳಿಗೆ ಉತ್ತರ ಸಿಕ್ಕಿದ್ದು ಶಿರಾದ ಬಸ್ಸಿನಲ್ಲಿ. ಪಕ್ಕದಲ್ಲಿ ಬಳೆ ಮಲಾರ ಮಡಿಲಲ್ಲಿಟ್ಟುಕೊಂಡು ಒಬ್ಬ ವಯಸ್ಸಾದ ಬಳೆಗಾರ್ತಿ ಕೂತಿದ್ದಳಂತೆ. ಹಳ್ಳಿಹಳ್ಳಿ ಸುತ್ತುವವಳು, ಎಲ್ಲ ಮನೆಯ ಪಡಸಾಲೆಯಲ್ಲೂ ಅವಳಿಗೆ ಮಣೆ. ಹುಡುಗಿ ಅವಳನ್ನು ಸೀದಾ ನನ್ನ ಕೋಣೆಗೇ ಕರೆತಂದಳು. ಚಮಚವನ್ನು ತಿರುಗಿಸಿ ಮುರುಗಿಸಿ ನೋಡಿ ಮುದುಕಿ ಹೇಳಿದಳು: "ಮುಫತ್ ಕೊಡಬ್ಯಾಡ ಬೇಟಿ. ಎರಡು ಬಳೆ ರೇಟಿಗೆ ನಾನು ಮಾರ್ತೀನಿ. ಹೇಳ್ಕೊಡೋದೂ ನಾನೇ. ಬಳೆ ತೊಡ್ಸೋವಾಗ ಹೆಂಗಸ್ರ ಕೈ ನನ್ ಕೈಯಾಗೆ ಇರ್ತೈತೆ, ಎದ್ದು ಎಲ್ಲಿ ಓಡ್ತಾಳೆ?" ಇಪ್ಪತ್ತು ವರ್ಷ ಆರೋಗ್ಯ ಶಿಕ್ಷಣದ ಪಾಠ ಮಾಡಿದ್ದ ನನಗೆ ಈ ಉಪಾಯ ಹೊಳೆದಿರಲಿಲ್ಲ. ಅವತ್ತೇ ಅವಳ ಹತ್ತಿರ ಒಂದು ಡಜನ್ ಹಸಿರು ಬಳೆ ತೊಡಿಸಿಕೊಂಡೆ.

ಚಮಚ ಓಡತೊಡಗಿತು. ಸುದ್ದಿ ಅದಕ್ಕಿಂತ ಜೋರಾಗಿ ಓಡಿತು. ಡಾಕ್ಟರು ಹುಡುಗಿ ಬಳೆಗಾರ್ತಿ ಜೊತೆ ಸೇರಿ ಚಮಚ ವ್ಯಾಪಾರ ಮಾಡುತ್ತಿದ್ದಾಳೆ ಎಂದು ಯಾರೋ ಕಾಲೇಜಿಗೆ ಮುಟ್ಟಿಸಿದರು. ಹಿರಿಯ ಪ್ರೊಫೆಸರರೊಬ್ಬರು ವಿಚಾರಣೆಗೆ ಬಂದರು. ಅವರ ರುಜು ಬೀಳದೆ ಹುಡುಗಿಯ ತರಬೇತಿ ಮುಗಿಯುವಂತಿರಲಿಲ್ಲ. ತರಬೇತಿ ಮುಗಿಯದೆ, ಅವಳು ಕಷ್ಟಪಟ್ಟು ಗಿಟ್ಟಿಸಿದ್ದ ಮಕ್ಕಳ ವೈದ್ಯದ ಸೀಟು ಉಳಿಯುವಂತಿರಲಿಲ್ಲ. "ವೈದ್ಯವೃತ್ತಿಗೆ ಒಂದು ಘನತೆ ಇದೆ. ಇನ್ನಾರು ತಿಂಗಳು ಇಲ್ಲೇ ಇದ್ದು ಅದನ್ನು ಕಲಿಯಲಿ" ಎಂದರು. "ಕಲಿಸಿದವಳು ನಾನು, ಆರು ತಿಂಗಳು ನನಗೆ ಹಾಕಿ" ಎಂದು ನಾನು ಮೇಜು ಗುದ್ದಿದೆ. ಅವರು ಸೊಪ್ಪು ಹಾಕಲಿಲ್ಲ. ಕೊನೆಗೆ, "ನಿಮ್ಮ ಈ ಚಮಚದಿಂದ ಏನಾಗಿದೆ ನೋಡೋಣ. ಊರು ನಾನು ಆರಿಸುತ್ತೇನೆ" ಎಂದು ಕೊರಟಗೆರೆ ಕಡೆಯ ಒಂದು ಹಟ್ಟಿಯ ಹೆಸರು ಹೇಳಿದರು. ನಮ್ಮ ಜೀಪು ಒಮ್ಮೆಯೂ ಹೋಗದ ಊರು.

ಕುರಿ ಮೇಯಿಸುವವರ ಹಟ್ಟಿ ಅದು. ಮೂರನೆಯ ಮನೆಯಲ್ಲಿ ಒಬ್ಬ ಎಳೆಯ ತಾಯಿಯ ತೊಡೆಯ ಮೇಲೆ ಬಾಡಿದ ಮಗು ಮಲಗಿತ್ತು. ಮುಂಜಾನೆಯಿಂದ ಭೇದಿ ಎಂದಳು. ಏನು ಕೊಟ್ಟೆ ಎಂದು ಪ್ರೊಫೆಸರರು ಕೇಳಿದರು. ಅವಳು ಒಲೆಯ ಪಕ್ಕದ ಡಬ್ಬಿಯಿಂದ ಚಮಚ ತೆಗೆದಳು. ಸಕ್ಕರೆ ತುಂಬಿ ಬೆರಳಲ್ಲಿ ಗೀರಿ ಮಟ್ಟ ಮಾಡಿದಳು, ಉಪ್ಪನ್ನೂ ಹಾಗೆಯೇ. ಲೋಟದ ಆರಿದ ನೀರಿನಲ್ಲಿ ಕದಡಿ, ಮೊದಲು ತಾನು ನಾಲಿಗೆಗೆ ಹಚ್ಚಿಕೊಂಡು ನೋಡಿದಳು. ಮಗು ಗುಟುಕು ಗುಟುಕಾಗಿ ಕುಡಿಯಿತು.

"ನಿಮ್ಮೂರಿಗೆ ಡಾಕ್ಟರು ಬಂದಿದ್ದರಾ?" ಎಂದು ಕೇಳಿದರು ಪ್ರೊಫೆಸರರು.

"ಯಾವ್ ಡಾಕ್ಟ್ರು ಬತ್ತಾರೆ ಸ್ವಾಮಿ ಇಲ್ಲಿಗೆ? ಬಳೆಯಮ್ಮ ಹೇಳ್ಕೊಟ್ಲು" ಎಂದಳು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಹುಡುಗಿಯನ್ನು ಯಾರೋ ಜೊತೆಗೆ ಬಂದವಳೆಂದು ತಿಳಿದು ಕೈಸನ್ನೆ ಮಾಡಿ ಕರೆದಳು. "ಬಾ ಇಲ್ಲಿ, ಕೂತ್ಕೋ. ಹೆಂಗೆ ಮಾಡೋದು ಅಂತ ನೀನೂ ಕಲ್ತ್ಕೋ ಕಣಮ್ಮ. ನಾಳೆ ನಿಂಗೂ ಮಕ್ಳಾಗ್ತವೆ."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಅದನ್ನು ಮಾಡಿದವಳೇ ಅವಳು ಕಣೇ" ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹುಡುಗಿ ನನ್ನತ್ತ ಒಂದೇ ಒಂದು ಸಲ ನೋಡಿದಳು, ನಾನು ನುಂಗಿಕೊಂಡೆ. ಅವಳು ನೆಲದ ಮೇಲೆ ಕೂತು, ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂದು ಮೊದಲಿಂದ ಕೊನೆಯ ತನಕ ಆ ತಾಯಿಯ ಬಾಯಿಂದ ಹೇಳಿಸಿಕೊಂಡಳು. ಪ್ರತಿ ಮಾತಿಗೂ "ಹೂಂ ಅಕ್ಕ" ಅಂದಳು. ಕೊನೆಗೆ, "ಸಕ್ಕರೆ ಮುಗಿದುಹೋದರೆ ಏನು ಮಾಡ್ತೀಯ ಅಕ್ಕ?" ಎಂದು ಕೇಳಿದಳು. ಬೆಲ್ಲದ ಹೆಂಟೆ ಚಮಚದ ಈ ಬಾಯಿಯಲ್ಲಿ ಕೂರಲ್ಲ, ಅದೊಂದೇ ತೊಂದರೆ ಎಂದಳು ತಾಯಿ. ಹುಡುಗಿ ಚೀಲದಿಂದ ಪುಸ್ತಕ ತೆಗೆದು ಬರೆದುಕೊಂಡಳು.

ಪ್ರೊಫೆಸರರು ಹೊರಗೆ ಬಂದು, ಅವಳ ತರಬೇತಿಯ ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ ರುಜು ಹಾಕಿ ನನ್ನ ಕೈಗೆ ಕೊಟ್ಟರು. ಅಷ್ಟು ಹೆಮ್ಮೆ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ಕಾಗದ ಹಿಡಿದು ಹುಡುಗಿಯನ್ನು ಕೂಗಿದೆ. ಅವಳು ಬರಲಿಲ್ಲ. ಒಳಗೆ ಆ ತಾಯಿ ಬೆಲ್ಲ ಕುಟ್ಟುತ್ತಿದ್ದಳು, ಇವಳು ಪಕ್ಕದಲ್ಲಿ ಕೂತು ಚಮಚ ಹಿಡಿದು ಅಳೆಯುತ್ತಿದ್ದಳು.