ತಲೆಕೆಳಗಿನ ದುರ್ಬೀನು

ಇವತ್ತು ಅಣ್ಣನ ಮಗಳು ಮೊಬೈಲಿನಲ್ಲಿ ದುರ್ಬೀನು ಹುಡುಕುತ್ತ, "ಕಾಕಾ, ಚಂದ್ರನ್ನ ನೋಡಾಕ ಸೋವಿದೊಂದು ಐತಿ. ಆದ್ರ ಎಲ್ಲಾ ತಲಿಕೆಳಗ ಕಾಣ್ತೈತಂತ," ಎಂದಳು. ನಾನು ನಕ್ಕುಬಿಟ್ಟೆ.

ನಾನು ಚಿಕ್ಕವನಿದ್ದಾಗ ಒಂದು ವರ್ಷ ದಸರೆಗೆ ಹೊಸ ಅಂಗಿ ಬೇಡ, ಆ ರೊಕ್ಕಕ್ಕೆ ದುರ್ಬೀನೇ ಬೇಕೆಂದು ಹಟ ಹಿಡಿದು, ಅಪ್ಪನನ್ನು ಗೋಕಾಕಿನ ಹಳೆ ಸಾಮಾನಿನ ಅಂಗಡಿಗೆ ಎಳೆದೊಯ್ದಿದ್ದೆ. ಅಲ್ಲಿ ಎರಡಿದ್ದವು. ಒಂದರ ಬೆಲೆ ನಮಗೆ ಎಟುಕುವಂತಿರಲಿಲ್ಲ. ಇನ್ನೊಂದರಲ್ಲಿ ನೋಡಿದರೆ, ಎದುರಿನ ಚಹಾದಂಗಡಿಯವನು ಕಾಲು ಮೇಲೆ ಮಾಡಿಕೊಂಡು ಚಹಾ ಸೋಸುತ್ತಿದ್ದ!

ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುವ ಅಪ್ಪ, ಇದನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದ. "ಕೆಟ್ಟ ಮಾಲ್ ಐತಿ. ನಡಿ, ಅಂಗಿನ ತೊಗೊಳೂಣು."

"ಅಪ್ಪಾ, ಚಂದ್ರಗ ತಲಿ ಯಾವ ಕಡೆ, ಕಾಲ್ ಯಾವ ಕಡೆ? ಹೆಂಗ ಕಂಡ್ರೇನು?"

"ಹುಡುಗ ಖರೆ ಹೇಳ್ತಾನ್ರಿ!" ಎಂದು ಅಂಗಡಿಯವ ನಕ್ಕ. ನಮ್ಮೂರು ತುಕ್ಕಾನಟ್ಟಿಯಲ್ಲೆಲ್ಲ ಇಂಥ ತಲೆ ಇದ್ದದ್ದು ನನಗೊಬ್ಬನಿಗೇ, ಬೇಕಾದರೆ ಕೇಳಿ ನೋಡಿ.

ಕೊಂಡು ತಂದ ದುರ್ಬೀನಿಗೆ ಸಂಜೆ ಮಾಳಿಗೆಯ ಮೇಲೆ ಅಪ್ಪನೇ ಮೊದಲು ಕಣ್ಣಿಟ್ಟ. ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ. ಆಮೇಲೆ ಅವ್ವನನ್ನು ಕೂಗಿದ, "ಏ, ಲಗೂ ಬಾ ಇಲ್ಲಿ! ಚಂದ್ರನ ಮೈತುಂಬ ತಗ್ಗ ಅದಾವ!" ಅವರಿಬ್ಬರೂ ನೋಡಿ ಮುಗಿಸುವಷ್ಟರಲ್ಲಿ ಚಂದ್ರ ಬೇವಿನ ಮರದ ಹಿಂದೆ ಇಳಿದಿದ್ದ.

"ಅದನ್ನ ತರಸವಾ," ಎಂದೆ ಅಣ್ಣನ ಮಗಳಿಗೆ. "ಆದ್ರ ನಿಮ್ಮ ಅಜ್ಜಗ ಹೇಳಬ್ಯಾಡ. ಈ ಸಲ ಮೊದಲ ನಾ ನೋಡಬೇಕು."