ಎರಡನೇ ರೀಲು ಕೊನೆಗೆ

ಮೊನ್ನೆ ಭಾನುವಾರ ಮಗಳು ಬಾಲ್ಕನಿಯಲ್ಲಿ ಕೂತು ಉಗುರಿನ ಬಣ್ಣ ಅಳಿಸುತ್ತಿದ್ದಳು. ಆ ಘಾಟು ಒಳಗೆ ಬಂದದ್ದೇ ತಡ, ಪತ್ರಿಕೆ ಓದುತ್ತಿದ್ದ ನನ್ನ ಬಾಯಿಂದ "ಮಲ್ಲಪ್ಪನೋರು ಬಂದ್ರು" ಎಂಬ ಮಾತು ಹೊರಬಿತ್ತು. ಹೆಂಡತಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ನಾಗಸಂದ್ರದ ಮೂರನೇ ಮಹಡಿಗೆ ಹೇಳದೆ ಕೇಳದೆ ಬರುವವರಾದರೂ ಯಾರು? ಬಂದದ್ದು ಹರಿದ ಸಿನಿಮಾ ರೀಲನ್ನು ಅಂಟಿಸುವ ಅಂಟಿನ ವಾಸನೆ. ಉಗುರಿನ ಮದ್ದಿಗೂ ಅದಕ್ಕೂ ಒಂದೇ ಘಾಟು ಎಂದು ನನ್ನ ಮೂಗು ತೀರ್ಮಾನಿಸಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬಂದ ಬಿಡಿಭಾಗವನ್ನು ಅಳೆದು ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುವುದು, ಇಷ್ಟೇ ಕೆಲಸ. ತಪ್ಪು ಹುಡುಕುವುದಕ್ಕೆ ಸಂಬಳ ಬರತೊಡಗಿದರೆ ಮನುಷ್ಯ ಕೆಡುತ್ತಾನೆ. ನಾನಂತೂ ಮದುವೆ ಊಟದ ಎಲೆ ಮುಂದೆ ಕೂತು ಹೋಳಿಗೆಯ ಅಂಚು ನೋಡುವ ಮಟ್ಟಕ್ಕೆ ಕೆಟ್ಟಿದ್ದೆ.

ಇಂಥ ನನ್ನನ್ನು ಟೌನ್‌ಶಿಪ್ ಕ್ಲಬ್ಬಿನವರು ಸಿನಿಮಾ ವಿಮರ್ಶಕನನ್ನಾಗಿ ಮಾಡಿದರು. ಪ್ರತಿ ಶನಿವಾರ ಸಂಜೆ ಅಲ್ಲಿ ಹಳೆಯ ಬ್ರಿಟಿಷ್ ಸಿನಿಮಾ. ಊರೊಳಗಿನ ಒಂದು ಗ್ರಂಥಾಲಯ ರೀಲುಗಳನ್ನು ಎರವಲು ಕೊಡುತ್ತಿತ್ತು. ಹೆಸರು ಮಾಡಿದ ಚಿತ್ರಗಳನ್ನೆಲ್ಲ ದೊಡ್ಡ ಫಿಲಂ ಸೊಸೈಟಿಗಳು ಹೊತ್ತೊಯ್ದ ಮೇಲೆ, ಇಂಗ್ಲೆಂಡಿನವರೇ ಮರೆತದ್ದು ನಮ್ಮ ಪಾಲಿಗೆ. ಸಿನಿಮಾ ಮುಗಿದ ಮೇಲೆ ಚಹಾ, ನಿಪ್ಪಟ್ಟು, ಅಭಿಪ್ರಾಯ. ಸೋಮವಾರ ನೋಟಿಸ್ ಬೋರ್ಡಿನಲ್ಲಿ ನನ್ನ ಒಂದು ಪುಟದ ತೀರ್ಪು.

ಆ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಹೆಚ್ಚು ಬದಲಾಗಿಲ್ಲ. ಅಲ್ಲಿ ಕೊಲೆ ಮಾಡಲು ಬಂದವನೂ ಕಾಲೊರಸಿಕೊಂಡೇ ಒಳಗೆ ಬರುತ್ತಾನೆ. ಯುದ್ಧದಿಂದ ಮಗ ಬದುಕಿ ಬಂದರೆ ಅಪ್ಪ ಪೈಪು ತೆಗೆದು, ಮಳೆ ಬರುವ ಹಾಗಿದೆ ಎನ್ನುತ್ತಾನೆ. ಅರ್ಧ ಚಿತ್ರ ಮಂಜಿನಲ್ಲೇ ನಡೆಯುವುದರಿಂದ ಯಾರು ಯಾರನ್ನು ತಬ್ಬಿಕೊಂಡರು ಎಂಬ ಬಗ್ಗೆ ನಿಪ್ಪಟ್ಟು ತಿನ್ನುವಾಗ ಜಗಳವೇ ಆಗುತ್ತಿತ್ತು.

ಪ್ರೊಜೆಕ್ಟರ್ ನಡೆಸುತ್ತಿದ್ದವರು ಮಲ್ಲಪ್ಪನವರು. ದಾವಣಗೆರೆ ಕಡೆಯವರು, ಹಣೆ ತುಂಬ ವಿಭೂತಿ, ಟೂಲ್ ರೂಮಿನ ಫಿಟ್ಟರ್. ಆ ಮುದಿ ಯಂತ್ರದ ಹಲ್ಲು ಸವೆದರೆ ತಾವೇ ಹೊಸದು ಕಡೆದು ಕೂರಿಸುವರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಅದೊಂದೇ. ಒಂದು ಶನಿವಾರ ಅವರು ಅವಸರದಲ್ಲಿ ಮೂರನೇ ರೀಲನ್ನು ಎರಡನೆಯದಕ್ಕಿಂತ ಮೊದಲೇ ಹಾಕಿಬಿಟ್ಟರು. ನಡುವೆಯೇ 'ದಿ ಎಂಡ್' ಬಂತು, ಆಮೇಲೂ ಕಥೆ ನಡೆಯಿತು. ನಾನು ಬರೆದೆ: "ಅರ್ಧದಲ್ಲೇ ಮುಕ್ತಾಯ ಸಾರಿ ಮತ್ತೆ ಕಥೆ ಮುಂದುವರಿಸಿದ ನಿರ್ದೇಶಕನ ಎದೆಗಾರಿಕೆ ಅಪೂರ್ವ." ನಾನು ಹೊಗಳಿದ ಮೊದಲ ಚಿತ್ರ ಅದೇ.

ಮಂಗಳವಾರ ಮಲ್ಲಪ್ಪನವರು ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಬಂದು ಕೂತರು. "ಇನ್‌ಸ್ಪೆಕ್ಟರ್ ಸಾಹೇಬ್ರ, ಆ ಎದೆಗಾರಿಕಿ ನಂದು ರೀ. ಯಾರಿಗೂ ಹೇಳಬ್ಯಾಡ್ರಿ."

ಹೇಗೆ ಹೇಳಲಿ? ಹೇಳಿದರೆ ಹೋಗುವುದು ನನ್ನ ಮಾನ. ಅಂದಿನಿಂದ ನಾವಿಬ್ಬರೂ ಕಳ್ಳರಾದೆವು. ಶುಕ್ರವಾರ ಸಂಜೆ ಇಬ್ಬರೇ ಕೂತು ಚಿತ್ರ ನೋಡುವುದು, ಸಪ್ಪೆಯಾಗಿದ್ದರೆ ರೀಲು ಹಿಂದೆಮುಂದೆ ಮಾಡುವುದು, 'ದಿ ಎಂಡ್' ಬರುವ ಹೊತ್ತಿಗೆ ಮಲ್ಲಪ್ಪನವರು ಲೆನ್ಸಿಗೆ ಅಂಗೈ ಅಡ್ಡ ಹಿಡಿಯುವುದು.

ಅಷ್ಟರಲ್ಲಿ ಊರಿಗೆ ಕೇಬಲ್ ಟೀವಿ ಬಂತು, ನಮ್ಮ ಹಳೆಯ ಚಿತ್ರಗಳ ಮೇಲೆ ದೂರುಗಳೂ ಬಂದವು. ಕ್ಲಬ್ಬಿನ ಕಾರ್ಯದರ್ಶಿಗಳು ಎಲ್ಲರೆದುರೇ ಹೇಳಿದರು: "ಈ ಪಿಕ್ಚರ್‌ಗಳ ಬಗ್ಗೆ ಇನ್ನೊಂದು ಕಂಪ್ಲೇಂಟ್ ಬಂದ್ರೆ ಪ್ರೊಜೆಕ್ಟರ್ ಗುಜರಿಗೆ ಹಾಕ್ತೀನಿ ಕಣ್ರೀ. ಹಾಲ್‌ನಲ್ಲಿ ಟೀವಿ ಇಡ್ತೀನಿ." ಮಲ್ಲಪ್ಪನವರು ಯಂತ್ರದ ಮೇಲಿನ ಧೂಳು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮುಂದಿನ ಚಿತ್ರ ಮೀನುಗಾರರ ಊರಿನದು. ಎರಡನೇ ರೀಲಿನಲ್ಲಿ ಗಂಡ ಬಹಳ ದಿನಗಳ ಮೇಲೆ ಕಡಲಿನಿಂದ ಮನೆಗೆ ಬರುತ್ತಾನೆ. ಮನೆಬಾಗಿಲಿಗೆ ಬಣ್ಣ ಬಳಿಯುತ್ತ ಗಂಡಹೆಂಡತಿ ಕಚ್ಚಾಡುತ್ತಾರೆ. ಮೂರನೆಯದರಲ್ಲಿ ಅವನ ದೋಣಿ ಮುಳುಗುತ್ತದೆ, ಅವಳು ಕಪ್ಪು ಬಟ್ಟೆ ತೊಡುತ್ತಾಳೆ, ಮುಗಿಯಿತು. ಇದನ್ನು ನೋಡಿ ಜನ ಅಳುಮೋರೆ ಹಾಕಿಕೊಂಡು ಮನೆಗೆ ಹೋದರೆ ಕಂಪ್ಲೇಂಟ್ ಖಂಡಿತ. "ಎರಡನೇದನ್ನ ಕೊನೇಗೆ ಹಾಕಿ" ಎಂದೆ. "ಮುಳುಗಿದ ಸುದ್ದಿ ಸುಳ್ಳಾಯ್ತು, ಗಂಡ ಬಂದ ಅಂತ ಆಗುತ್ತೆ." ಅಷ್ಟಕ್ಕೇ ಸುಮ್ಮನಿರದೆ, ಜಂಬಕ್ಕೆ, ಇಂಗ್ಲಿಷ್ ಪತ್ರಿಕೆಯ 'ಇಂದಿನ ಕಾರ್ಯಕ್ರಮ'ದಲ್ಲಿ ಚಿತ್ರದ ಹೆಸರನ್ನೂ ಹಾಕಿಸಿದೆ.

ಅದನ್ನು ಓದಿ ವೈಟ್‌ಫೀಲ್ಡಿನಿಂದ ಒಬ್ಬರು ಬಂದರು. ಡೊರೀನ್ ಮಿಸ್, ನಿವೃತ್ತ ಟೀಚರ್, ಹೂವಿನ ಫ್ರಾಕು, ಕೈಯಲ್ಲಿ ಕೊಡೆ. ಊರಿನ ಆ ತುದಿಯಿಂದ ಈ ತುದಿಗೆ ಮೂರು ಬಸ್ಸು ಬದಲಿಸಿ ಬಂದಿದ್ದರು. ಕಾರ್ಯದರ್ಶಿಗಳ ಪಕ್ಕದಲ್ಲಿ ಕೂತು, "ಈ ಪಿಕ್ಚರ್ ನಾನು ನೋಡಿದೀನಿ. ಕಂಟೋನ್ಮೆಂಟ್‌ನಲ್ಲಿ, ಮದುವೆ ಆದ ಹೊಸದ್ರಲ್ಲಿ" ಎಂದರು. ನಾನು ಮಲ್ಲಪ್ಪನವರ ಹತ್ತಿರ ಓಡುವಷ್ಟರಲ್ಲಿ ದೀಪ ಆರಿತ್ತು.

ದೋಣಿ ಮುಳುಗಿತು. ಮಲ್ಲಪ್ಪನವರ ಅಂಗೈ ಅಡ್ಡ ಬಂತು. ಗಂಡ ಚೀಲ ಹೊತ್ತು ಓಣಿಯಲ್ಲಿ ನಡೆದು ಬಂದ. ಜನ ಚಪ್ಪಾಳೆ ತಟ್ಟಿದರು. ಬಾಗಿಲಿನ ಬಣ್ಣ ಒಣಗುವ ಮುಂಚೆಯೇ ಸಿನಿಮಾ ಮುಗಿಯಿತು.

ದೀಪ ಹತ್ತಿತು. "ಮೇಡಂ, ನೀವು ಮೊದ್ಲೇ ನೋಡಿರೋರು. ಹೇಳಿ, ಹೆಂಗಿತ್ತು?" ಎಂದರು ಕಾರ್ಯದರ್ಶಿಗಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡೂ ಹೆಗಲು ಮುಟ್ಟಿಕೊಂಡೆ. ಡೊರೀನ್ ಮಿಸ್ ತಿರುಗಿ ಪ್ರೊಜೆಕ್ಟರಿನ ಕಡೆ ನೋಡಿದರು. ಮಲ್ಲಪ್ಪನವರು ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಆವತ್ತಿಗಿಂತ ಇವತ್ತು ಚೆನ್ನಾಗಿತ್ತು" ಎಂದರು ಮಿಸ್.

ಎಲ್ಲರೂ ಚಹಾಕ್ಕೆ ಎದ್ದಾಗ ಅವರು ನೇರವಾಗಿ ನಮ್ಮ ಬಳಿ ಬಂದರು. "ಯಾರು ಮಾಡಿದ್ದು ಇದು?"

"ನಾನ ರೀ, ಅಮ್ಮಾರೆ" ಎಂದರು ಮಲ್ಲಪ್ಪನವರು. ನಾನು ಆಗಲೂ ಬಾಯಿ ಬಿಡಲಿಲ್ಲ. ಅದರ ನಾಚಿಕೆ ನನಗಿನ್ನೂ ಹೋಗಿಲ್ಲ.

"ನನ್ನ ಗಂಡ ಪೀಟರ್ ಜೊತೆ ನೋಡಿದ್ದೆ. ಆ ಮನುಷ್ಯ ಸತ್ತ ಅಂತ ನಾನು ಒಂದು ವಾರ ಅತ್ತೆ. ಪೀಟರ್ ನಗ್ತಾ ಇದ್ದ. ಈಗ ಪೀಟರ್ ಹೋಗಿನೇ ಹದಿನೆಂಟು ವರ್ಷ ಆಯ್ತು." ಕೊಡೆಯನ್ನು ಕುರ್ಚಿಗೆ ಆನಿಸಿದರು. "ಆ ಕೊನೇ ರೀಲು ಇನ್ನೊಂದ್ಸಲ ಹಾಕ್ತೀರಾ?"

ಮಲ್ಲಪ್ಪನವರು ರೀಲು ಹಿಂದಕ್ಕೆ ಸುತ್ತಿದರು. ಹೊರಗೆ ನಿಪ್ಪಟ್ಟಿನ ಸದ್ದು, ಒಳಗೆ ಖಾಲಿ ಕುರ್ಚಿಗಳ ನಡುವೆ ನಾವು ಮೂವರು. ಗಂಡ ಮತ್ತೆ ಚೀಲ ಹೊತ್ತು ನಡೆದು ಬಂದ. ಬಣ್ಣದ ಜಗಳ ಶುರುವಾದಾಗ ಮಿಸ್ ಜೋರಾಗಿ ನಕ್ಕರು. ಮಲ್ಲಪ್ಪನವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಸೋಮವಾರದ ನೋಟಿಸ್ ಬೋರ್ಡಿಗೆ ನಾನು ಏನನ್ನೂ ಬರೆಯಲಿಲ್ಲ. ಪ್ರೊಜೆಕ್ಟರ್ ಗುಜರಿಗೆ ಹೋಗಲಿಲ್ಲ. ಮಲ್ಲಪ್ಪನವರು ನಿವೃತ್ತರಾಗುವವರೆಗೂ ಓಡಿತು.

ಮೊನ್ನೆ ಆ ಘಾಟು ಮೂಗಿಗೆ ಹತ್ತಿದ ಮೇಲೆ ಸುಮ್ಮನಿರಲಾಗದೆ ಮಗಳಿಂದ ಫೋನಿನಲ್ಲಿ ಆ ಸಿನಿಮಾ ಹುಡುಕಿಸಿದೆ. ಸಿಕ್ಕಿತು. ಎಲ್ಲ ರೀಲೂ ಸರಿಯಾದ ಕ್ರಮದಲ್ಲಿವೆ, ಒಂದು ಕೂದಲೆಳೆ ಆಚೀಚೆಯಿಲ್ಲ. ಇನ್‌ಸ್ಪೆಕ್ಟರನಾಗಿ ನಾನು ಒಪ್ಪಲೇಬೇಕು. ಆದರೆ ಕೊನೆಯವರೆಗೆ ನೋಡಿದೆ, ಮನಸ್ಸು ಒಪ್ಪಲಿಲ್ಲ. ಕೆಳಗೆ ಯಾವ ದೇಶದವರೋ ಒಬ್ಬರು ಅಭಿಪ್ರಾಯ ಬರೆದಿದ್ದರು: ಅವನು ವಾಪಸ್ ಬರಬೇಕಿತ್ತು.

ಮಗಳ ಕೈಯಿಂದ ಫೋನು ತೆಗೆದುಕೊಂಡು ನಾನೇ ಒಂದೊಂದೇ ಅಕ್ಷರ ಒತ್ತಿದೆ: "ಬಂದಿದ್ದ. ಜಾಲಹಳ್ಳಿಗೆ, ಎರಡು ಸಲ. ನಾನೇ ಸಾಕ್ಷಿ."