ಫ್ಲೆಕ್ಸಿನ ಕೆಳಗಿನ ಸಾಲು

ಮಂಗಳೂರಿಗೆ ವಾಸಕ್ಕೆ ಬಂದ ಮೊದಲ ವಾರವೇ ನಾನು ಸತ್ತ ಗಂಡನಿಗೆ ಮೀನು ಬಡಿಸಿದೆ. ಆಟಿ ತಿಂಗಳಲ್ಲಿ ಇಲ್ಲಿಯ ತುಳು ಮನೆಗಳಲ್ಲಿ ತೀರಿಕೊಂಡವರಿಗೆ, ಅಂದರೆ ಇವರು ಕುಲೆ ಎನ್ನುವವರಿಗೆ, ಬಾಳೆಲೆಯಲ್ಲಿ ಇಷ್ಟದ ಅಡುಗೆ ಬಡಿಸಿ ಕೋಣೆಯ ಬಾಗಿಲು ಹಾಕುತ್ತಾರೆ. ಗದಗಿನ ನಮ್ಮ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಉಸಿರು ಬಿಗಿಹಿಡಿದು ಬಂಗುಡೆ ಸಾರು ಬಡಿಸಿದೆ. ಹೊರಗೆ ಕೂತ ಅತ್ತೆ, "ಉಣ್ಣಲಿ, ನಿಧಾನ ಉಣ್ಣಲಿ" ಎಂದರು. ನಮ್ಮಲ್ಲಾದರೆ ಎದೆ ಬಡಿದುಕೊಂಡು ಅಳುತ್ತಿದ್ದೆವು. ಇಲ್ಲಿ ಸತ್ತವರ ಊಟ ಮುಗಿಯಲೆಂದು ಸುಮ್ಮನೆ ಕಾಯುತ್ತಾರೆ.

ಸತೀಶ ಗದಗಿನಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ನನಗೆ ಸಿಕ್ಕವನು. ಮದುವೆಯಾದ ಮೇಲೆ ದೂರದ ದೇಶದ ಹೋಟೆಲೊಂದಕ್ಕೆ ಹೋದ. ಅಲ್ಲಿಗೆ ಬಂದೂಕು ಹಿಡಿದು ನುಗ್ಗಿದವರಿಗೆ ಅವನ ಹೆಸರೂ ಗೊತ್ತಿರಲಿಲ್ಲ. ಯಾವುದೋ ಸಂಘಟನೆ ಹೊಣೆ ಹೊತ್ತುಕೊಂಡಿದೆ ಎಂದು ಟಿವಿಯವರು ಹೇಳಿದರು. ಹೊಣೆ ಎಂಬ ಒಳ್ಳೆಯ ಮಾತನ್ನು ಅಂಥವರಿಗೆ ಯಾಕೆ ಕೊಡುತ್ತಾರೋ, ನೆನೆದರೆ ಈಗಲೂ ಮೈ ಉರಿಯುತ್ತದೆ.

ಅತ್ತೆ ಕರೆದರೆಂದು ದೇರೆಬೈಲಿನ ಈ ಮನೆಗೆ ಬಂದೆ. ತುಳು ಬಾರದ ನನ್ನನ್ನು ಮೊದಲು ಮಾತಾಡಿಸಿದವನು ಬೆಂಗ್ರೆಯಿಂದ ಸ್ಕೂಟರಿನಲ್ಲಿ ಮೀನು ತರುವ ಹಮೀದ್. "ಕಿವಿರು ನೋಡಿ ಅಕ್ಕ, ಕೆಂಪು ಉಂಟಲ್ಲ? ಇದು ಇವತ್ತಿನದ್ದು" ಎಂದು ಬಂಗುಡೆ ಆರಿಸಲು ಕಲಿಸಿದ. ಸತೀಶನ ಸುದ್ದಿ ಬಂದ ದಿನ ಅತ್ತೆಯ ಅಂಗಳದಲ್ಲಿ ಅವನೂ ಸಂಜೆಯವರೆಗೆ ಕೂತಿದ್ದನಂತೆ. ಮೂರು ತಿಂಗಳಲ್ಲಿ ಮೀನು ಶುಚಿ ಮಾಡಲು ಕಲಿತೆ, ಏನು ಎನ್ನುವಲ್ಲಿ ಎಂತ ಎನ್ನಲು ಕಲಿತೆ. ತಿನ್ನಲು ಮಾತ್ರ ಕಲಿಯಲಿಲ್ಲ.

ಕಳೆದ ತಿಂಗಳು ಮತ್ತೊಂದು ದೇಶದ ಸಂತೆಯಲ್ಲಿ ಬಾಂಬ್ ಸಿಡಿಯಿತು. ಎರಡೇ ದಿನದಲ್ಲಿ ನಮ್ಮ ರಸ್ತೆಯ ತಿರುವಿನಲ್ಲಿ ಆಳೆತ್ತರದ ಫ್ಲೆಕ್ಸ್ ಎದ್ದಿತು. ಮೇಲೆ ಸತೀಶನ ನಗುಮುಖ. ಕೆಳಗೆ, "ಅವರ ಅಂಗಡಿಗೆ ಹೋಗಬೇಡಿ, ಅವರ ಮೀನು ಕೊಳ್ಳಬೇಡಿ." ಅಂದಿನಿಂದ ಹಮೀದನ ಹಾರ್ನ್ ಕೇಳಲಿಲ್ಲ.

ಹಾಕಿಸಿದವರು ನೆರೆಮನೆಯ ವಿಠಲಣ್ಣ. ಅವರು ಫೋಟೋ ಕೇಳಿದಾಗ ಶ್ರದ್ಧಾಂಜಲಿಗೆಂದು ನಂಬಿ ಕೊಟ್ಟವಳು ನಾನೇ. ತೆಗೆಸಿ ಎಂದು ಹೇಳಲು ಹೋದೆ.

"ನೀವು ಘಟ್ಟದ ಮೇಲಿನವರು, ನಿಮಗೆ ಇಲ್ಲಿಯದ್ದು ಗೊತ್ತಾಗುದಿಲ್ಲ" ಎಂದರು.

"ಸತ್ತದ್ದು ನನ್ನ ಗಂಡ."

"ಅವ ನಮ್ಮ ಊರಿನವ ಅಲ್ವಾ?"

ಬದುಕಿದ್ದಾಗ ಅವನಿಗೊಂದು ಕೆಲಸ ಕೊಡದ ಊರು, ಸತ್ತ ಮೇಲೆ ಅವನನ್ನು ಕೆಲಸಕ್ಕೆ ಹಚ್ಚಿತ್ತು.

ಮರುದಿನ ಬೆಳಿಗ್ಗೆ ಕತ್ತರಿ ಹಿಡಿದು ನಾನೇ ಹೋದೆ. ಫ್ಲೆಕ್ಸಿನ ಮುಂದೆ ಅತ್ತೆ ನಿಂತಿದ್ದರು.

"ತೆಗೀಬೇಡ ಮಾರಾಯ್ತಿ. ಪೆಟ್ಟಿಗೆ ಬಂದಾಗ ಮುಚ್ಚಳ ತೆಗೀಲಿಕ್ಕೆ ಬಿಡ್ಲಿಲ್ಲ, ನೆನಪುಂಟಾ? ನಾನು ಅವನ ಮುಖ ನೋಡ್ತಾ ಇರೋದು ಈಗ." ಆಮೇಲೆ ಕೇಳಿದರು, "ಕೆಳಗೆ ಎಂತ ಬರೆದದ್ದು?"

ಅತ್ತೆಗೆ ಓದಲು ಬಾರದು.

"ಸತೀಶನನ್ನು ಊರು ಮರೆಯುವುದಿಲ್ಲ ಅಂತ" ಎಂದೆ.

"ಒಳ್ಳೇದು ಬರೆದಿದ್ದಾರೆ." ಸೆರಗಿನಿಂದ ಆ ಅಕ್ಷರಗಳ ಧೂಳು ಒರೆಸಿದರು. "ಈ ಹಮೀದ್ ಎಂತ ಬರುವುದೇ ಇಲ್ಲ?"

ಗೊತ್ತಿಲ್ಲ ಎಂದೆ. ಇನ್ನು ಆ ಸಾಲನ್ನಷ್ಟೇ ಕತ್ತರಿಸುವಂತೆಯೂ ಇಲ್ಲ. ಅತ್ತೆಯ ಪಾಲಿಗೆ ಅದು ಮಗನ ಹೊಗಳಿಕೆ.

ಊರಿಗೆ ಯಾವಾಗ ಬರುತ್ತೀ ಎಂದು ಗದಗಿನ ತವರುಮನೆಯಿಂದ ನೀವೆಲ್ಲ ಕೇಳುತ್ತೀರಿ. ಬರುವ ಆಸೆ ದಿನವೂ ಆಗುತ್ತದೆ. ಆದರೆ ನಾನು ಹೊರಟರೆ, ಆ ಸಾಲನ್ನು ಅತ್ತೆಗೆ ಬೇರೆ ಯಾರಾದರೂ ಓದಿ ಹೇಳುತ್ತಾರೆ.